ವಿಧಾನಸಭೆ ಚುನಾವಣೆಗೆ ಓಟು ಹಾಕೋದು: ಬೂತ್‌ನಲ್ಲಿ, ಮನೆಯಲ್ಲಿ, ಅಂಚೆಯಲ್ಲಿ

ಚುನಾವಣೆ ದಿನ ಯಾವುದೇ ಬೂತ್ ಮುಂದೆ ಒಂದರ್ಧ ಗಂಟೆ ನಿಂತರೂ ಈ ಜಗಳ ಕಿವಿಗೆ ಬೀಳುತ್ತದೆ. "ಕಾರ್ಡ್ ಇದೆ ಸಾರ್, ಹೋದ ಸಲ ಇಲ್ಲೇ ಹಾಕಿದೀನಿ, ಈಗ ಹೆಸರಿಲ್ಲ ಅಂದ್ರೆ ಹೆಂಗೆ?" ಒಳಗೆ ಕೂತ ಅಧಿಕಾರಿ ಪಾಪ ಏನೂ ಮಾಡುವ ಹಾಗಿಲ್ಲ. ಅವರ ಮುಂದಿರುವ ಪಟ್ಟಿಯಲ್ಲಿ ಹೆಸರು ಇದ್ದರೆ ಓಟು, ಇಲ್ಲದಿದ್ದರೆ ಇಲ್ಲ. ವೋಟರ್ ಐಡಿ ಇರುವುದು ನೀವೇ ನೀವು ಅಂತ ತೋರಿಸಲಿಕ್ಕೆ ಮಾತ್ರ. ನಮ್ಮಲ್ಲಿ ಓಟು ತಪ್ಪುವುದು ಹೆಚ್ಚಾಗಿ ಓಟಿನ ದಿನ ಅಲ್ಲ, ಅದಕ್ಕೆ ಮೂರ್ನಾಲ್ಕು ವಾರ ಮೊದಲು, ಯಾರೂ ತಲೆ ಕೆಡಿಸಿಕೊಳ್ಳದ ಹೊತ್ತಿನಲ್ಲಿ. ಅದಕ್ಕೇ ಇಲ್ಲಿ ತಾರೀಖುಗಳ ಮಾತು ಜಾಸ್ತಿ ಇದೆ.

ಇದೆಲ್ಲ ವಿಧಾನಸಭೆ ಚುನಾವಣೆಗೆ. ಲೋಕಸಭೆಗೂ ಬಹುತೇಕ ಇದೇ. ಗ್ರಾಮ ಪಂಚಾಯಿತಿ, ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದು ಬೇರೆಯೇ ಸಂಸ್ಥೆ, ಅದರ ನಿಯಮಗಳೂ ಬೇರೆ. ಇಲ್ಲಿ ಓದಿದ್ದನ್ನು ಅಲ್ಲಿಗೆ ಹಚ್ಚಬೇಡಿ.

ಮೊದಲು ಪಟ್ಟಿ

ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲೋ ಆ್ಯಪ್‌ನಲ್ಲೋ ಹೆಸರು ಹುಡುಕಿ. ಹೆಸರು ಹಾಕಿ ಹುಡುಕಲು ಹೋದರೆ ತಲೆನೋವು, ಯಾಕೆಂದರೆ ನಮ್ಮ ಮಂಜುನಾಥ ಅಲ್ಲಿ ಮಂಜುನಾತ ಆಗಿರುತ್ತಾನೆ, ಅಪ್ಪನ ಹೆಸರಿನ ಇನಿಷಿಯಲ್ ಹಿಂದೆ ಹೋಗಿರುತ್ತದೆ. ಕಾರ್ಡಿನ ಮೇಲಿರುವ ಎಪಿಕ್ ನಂಬರ್ ಹಾಕಿ, ಒಂದೇ ಸಲಕ್ಕೆ ಸಿಗುತ್ತದೆ. ಮೊಬೈಲ್ ಸಹವಾಸ ಬೇಡ ಅನ್ನುವವರು 1950ಕ್ಕೆ ಫೋನ್ ಮಾಡಬಹುದು, ಅಥವಾ ಊರಿನ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿಯನ್ನು ಕೇಳಬಹುದು. ಹೆಚ್ಚಿನ ಕಡೆ ಅಂಗನವಾಡಿ ಟೀಚರೋ ಶಾಲೆ ಮೇಷ್ಟ್ರೋ ಬಿಎಲ್‌ಒ ಆಗಿರುತ್ತಾರೆ, ಹುಡುಕುವುದು ಕಷ್ಟವಲ್ಲ. ಹೆಸರು ಸಿಕ್ಕ ಮೇಲೆ ಮೂರು ವಿಷಯ ಬರೆದಿಟ್ಟುಕೊಳ್ಳಿ: ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆ ಯಾವ ಶಾಲೆಯ ಯಾವ ಕೊಠಡಿ. ಒಂದೇ ಶಾಲೆಯಲ್ಲಿ ನಾಲ್ಕು ಬೂತ್ ಇದ್ದಾಗ ಕೊಠಡಿ ಗೊತ್ತಿಲ್ಲದೆ ತಪ್ಪು ಕ್ಯೂನಲ್ಲಿ ಒಂದು ಗಂಟೆ ನಿಂತು, ಬಾಗಿಲವರೆಗೂ ಬಂದು ವಾಪಸ್ ಹೋಗುವವರು ಪ್ರತಿ ಸಲವೂ ಇರುತ್ತಾರೆ.

ಹೆಸರೇ ಇಲ್ಲದಿದ್ದರೆ, ಅಥವಾ ಹೊಸದಾಗಿ 18 ತುಂಬಿದ್ದರೆ ಫಾರ್ಮ್ 6. ಮೊದಲು ಜನವರಿ 1ಕ್ಕೆ 18 ಆಗಿದ್ದರೆ ಮಾತ್ರ ಅನ್ನುವ ಲೆಕ್ಕ ಇತ್ತು. ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಹೀಗೆ ವರ್ಷಕ್ಕೆ ನಾಲ್ಕು ದಿನ. 17 ದಾಟಿದವರು ಮುಂಚಿತವಾಗಿಯೇ ಅರ್ಜಿ ಹಾಕಿಡಬಹುದು.

ಮನೆ ಬದಲಾಗಿದ್ದರೆ, ಹೆಸರು ತಿದ್ದಬೇಕಿದ್ದರೆ, ಕಾರ್ಡ್ ಕಳೆದಿದ್ದರೆ ಎಲ್ಲಕ್ಕೂ ಫಾರ್ಮ್ 8. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ವರ್ಷಗಟ್ಟಲೆ ತವರುಮನೆ ಪಟ್ಟಿಯಲ್ಲೇ ಉಳಿದಿರುತ್ತದೆ, ಅದಕ್ಕೂ ಇದೇ ಫಾರ್ಮ್. ಹೊಸ ಊರಲ್ಲಿ ಸುಮ್ನೆ ಇನ್ನೊಂದು ಫಾರ್ಮ್ 6 ಹಾಕಿಬಿಡೋಣ ಅನ್ನುವುದು ಬೇಡ. ಎರಡು ಕಡೆ ಹೆಸರು ಇಟ್ಟುಕೊಳ್ಳುವ ಹಾಗಿಲ್ಲ, ಅರ್ಜಿಯಲ್ಲಿ ಸುಳ್ಳು ಘೋಷಣೆ ಕೊಟ್ಟರೆ ಕೇಸ್ ಆಗುತ್ತದೆ.

ಇನ್ನು ತಾರೀಖು. ನಾಮಪತ್ರ ಸಲ್ಲಿಸುವ ಕೊನೆ ದಿನ ಮುಗಿದ ಮೇಲೆ ಆ ಚುನಾವಣೆಯ ಪಟ್ಟಿಗೆ ಯಾರನ್ನೂ ಸೇರಿಸುವುದಿಲ್ಲ. ಆದರೆ ನೀವು ಆ ದಿನ ಅರ್ಜಿ ಕೊಟ್ಟರೆ ಕೆಲಸಕ್ಕೆ ಬಾರದು, ಏಕೆಂದರೆ ಅರ್ಜಿ ಬಂದ ಮೇಲೆ ಆಕ್ಷೇಪಣೆಗೆ ಒಂದು ವಾರ ಬಿಡಬೇಕು, ಬಿಎಲ್‌ಒ ಮನೆಗೆ ಬಂದು ನೋಡಬೇಕು. ಹಾಗಾಗಿ ಕನಿಷ್ಠ ಹತ್ತು ದಿನ ಹಿಂದಕ್ಕೆ ಲೆಕ್ಕ ಹಾಕಿ. 2023ರ ಚುನಾವಣೆಯನ್ನೇ ನೋಡಿ. ಘೋಷಣೆ ಆಗಿದ್ದು ಮಾರ್ಚ್ 29ಕ್ಕೆ. ನಾಮಪತ್ರಕ್ಕೆ ಕೊನೆ ದಿನ ಏಪ್ರಿಲ್ 20. ಮತದಾನ ಮೇ 10. ಅಂದರೆ ಟಿವಿಯಲ್ಲಿ ಚುನಾವಣೆ ಬಿಸಿ ಏರುವ ಹೊತ್ತಿಗೆ, ಏಪ್ರಿಲ್ ಎರಡನೇ ವಾರಕ್ಕೇ, ಹೊಸ ಹೆಸರಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು.

ಬೂತ್‌ಗೆ ಹೋಗಿ ಹಾಕುವವರು

ನಮ್ಮಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜನ ಹೀಗೇ ಹಾಕುವುದು. ಕರ್ನಾಟಕದಲ್ಲಿ ಕಳೆದ ಚುನಾವಣೆಗಳಲ್ಲಿ ಸಮಯ ಬೆಳಗ್ಗೆ 7ರಿಂದ ಸಂಜೆ 6. ಆರು ಗಂಟೆಗೆ ಸರಿಯಾಗಿ ಕ್ಯೂನಲ್ಲಿ ಇದ್ದವರಿಗೆಲ್ಲ ಓಟು ಉಂಟು. ಅಧಿಕಾರಿ ಕ್ಯೂನ ಕಟ್ಟಕಡೆಯವರಿಂದ ಶುರು ಮಾಡಿ ಮುಂದಕ್ಕೆ ನಂಬರ್ ಚೀಟಿ ಕೊಟ್ಟುಕೊಂಡು ಬರುತ್ತಾರೆ, ಆಮೇಲೆ ಬಂದವರು ಹಿಂದೆ ಸೇರಿಕೊಳ್ಳದಿರಲಿ ಅಂತ. ರಾತ್ರಿ ಎಂಟಾದರೂ ಸರಿ, ಚೀಟಿ ಕೈಯಲ್ಲಿದ್ದರೆ ಯಾರೂ ನಿಮ್ಮನ್ನು ಕಳಿಸುವ ಹಾಗಿಲ್ಲ. ಬಿಸಿಲು ತಪ್ಪಿಸಬೇಕಾದರೆ ಬೆಳಗ್ಗೆ ಬೇಗ ಹೋಗಿ. ನಮ್ಮ ಚುನಾವಣೆ ಬರುವುದೇ ಮೇ ತಿಂಗಳಲ್ಲಿ. ಹನ್ನೆರಡರ ಮೇಲೆ ರಾಯಚೂರು, ಕಲಬುರಗಿ ಕಡೆ ಕ್ಯೂನಲ್ಲಿ ನಿಲ್ಲುವುದು ಅಂದರೆ ಶಿಕ್ಷೆ.

ಕೈಯಲ್ಲಿ ಏನಿರಬೇಕು? ವೋಟರ್ ಐಡಿ ಇದ್ದರೆ ಆಯಿತು. ಅದು ಬೇರೆ ಕ್ಷೇತ್ರದ್ದಾದರೂ ಪರವಾಗಿಲ್ಲ, ಹೆಸರು ಈ ಬೂತ್‌ನ ಪಟ್ಟಿಯಲ್ಲಿದ್ದರೆ ಗುರುತಿಗೆ ಅದನ್ನೇ ಒಪ್ಪುತ್ತಾರೆ. ಇಲ್ಲದಿದ್ದರೆ ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಅಥವಾ ಪೋಸ್ಟ್ ಆಫೀಸ್ ಪಾಸ್‌ಬುಕ್, ಫೋಟೋ ಇರುವ ಪಿಂಚಣಿ ಪತ್ರ, ಸರ್ಕಾರಿ ನೌಕರರ ಗುರುತಿನ ಚೀಟಿ, ಅಂಗವಿಕಲರ ಯುಡಿಐಡಿ ಕಾರ್ಡ್, ಇವುಗಳಲ್ಲಿ ಒಂದು ಸಾಕು. ಗಮನಿಸಿ, ರೇಷನ್ ಕಾರ್ಡ್ ಈ ಪಟ್ಟಿಯಲ್ಲಿ ಇಲ್ಲ. ಬಿಎಲ್‌ಒ ಮನೆಗೆ ತಂದುಕೊಡುವ ಓಟರ್ ಚೀಟಿಯೂ 2019ರಿಂದ ಗುರುತಿನ ದಾಖಲೆ ಅಲ್ಲ. ಅದು ಬೂತ್ ಮತ್ತು ಕ್ರಮ ಸಂಖ್ಯೆ ತಿಳಿಯಲಿಕ್ಕೆ ಮಾತ್ರ. ಚೀಟಿ ಹಿಡಿದು ಬಂದು ಆಧಾರ್ ಮನೆಯಲ್ಲಿ ಬಿಟ್ಟು ಬರುವ ಹಿರಿಯರು ತುಂಬಾ, ನಿಮ್ಮ ಮನೆಯವರಿಗೆ ಹಿಂದಿನ ರಾತ್ರಿಯೇ ಎರಡನ್ನೂ ಒಟ್ಟಿಗೆ ತೆಗೆದಿಡಲು ಹೇಳಿ.

ಮೊಬೈಲ್ ಒಳಗೆ ತರುವ ಹಾಗಿಲ್ಲ. 2025ರಿಂದ ಬೂತ್ ಬಾಗಿಲ ಹೊರಗೆ ಫೋನ್ ಇಟ್ಟುಹೋಗಲು ವ್ಯವಸ್ಥೆ ಮಾಡಬೇಕು ಅಂತ ಆಯೋಗ ಹೇಳಿದೆ, ಆದರೂ ಮನೆಯಲ್ಲೇ ಬಿಟ್ಟು ಹೋಗುವುದೇ ಸಲೀಸು ಅನ್ನುವುದು ನನ್ನ ಅಭಿಪ್ರಾಯ. ಓಟು ಹಾಕುವುದನ್ನು ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕುವ ಆಸೆ ಇದ್ದವರು ಬೆರಳಿನ ಫೋಟೋಗೆ ತೃಪ್ತಿಪಟ್ಟುಕೊಳ್ಳಿ. ಯಾರಿಗೆ ಹಾಕಿದಿರಿ ಅಂತ ತೋರಿಸಿದರೆ ಅದು ಅಪರಾಧ.

ಒಳಗೆ ಹೋದ ಮೇಲೆ ಮೂರು ಮೇಜು. ಮೊದಲನೆಯ ಅಧಿಕಾರಿ ನಿಮ್ಮ ಗುರುತು ನೋಡಿ, ಕ್ರಮ ಸಂಖ್ಯೆ ಮತ್ತು ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಕೆಲವರಿಗೆ ಇದು ಮುಜುಗರ, ಆದರೆ ಅದಕ್ಕೊಂದು ಕಾರಣ ಇದೆ. ಪಕ್ಕದಲ್ಲಿ ಪಕ್ಷಗಳ ಏಜೆಂಟರು ತಮ್ಮ ತಮ್ಮ ಪಟ್ಟಿ ಹಿಡಿದು ಕೂತಿರುತ್ತಾರೆ. ಹೆಸರು ಕೇಳಿ ಅವರೂ ಗೀಟು ಹಾಕಿಕೊಳ್ಳುತ್ತಾರೆ. "ಇವನು ಆ ಮನುಷ್ಯ ಅಲ್ಲ" ಅಂತ ಅನುಮಾನ ಬಂದರೆ ಏಜೆಂಟ್ ಎರಡು ರೂಪಾಯಿ ಠೇವಣಿ ಇಟ್ಟು ಆಕ್ಷೇಪ ಎತ್ತಬಹುದು. ಹೌದು, ಇವತ್ತಿಗೂ ಎರಡೇ ರೂಪಾಯಿ.

ಎರಡನೆಯವರು ರಿಜಿಸ್ಟರ್‌ನಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡು, ಎಡಗೈ ತೋರುಬೆರಳಿಗೆ ಶಾಯಿ ಬಳಿದು, ಒಂದು ಚೀಟಿ ಕೊಡುತ್ತಾರೆ. ಶಾಯಿ ಉಗುರಿನ ಮೇಲಿಂದ ಚರ್ಮದವರೆಗೆ ಗೆರೆಯಾಗಿ ಬರಬೇಕು. ಹಚ್ಚಿದ ತಕ್ಷಣ ಸೀರೆ ಸೆರಗಿಗೋ ಪಂಚೆಗೋ ಒರೆಸಿಕೊಂಡರೆ ಬಟ್ಟೆ ಹಾಳು, ಜೊತೆಗೆ ಇನ್ನೊಮ್ಮೆ ಹಚ್ಚುತ್ತಾರೆ. ಅಂದಹಾಗೆ ಈ ಶಾಯಿ ಇಡೀ ದೇಶಕ್ಕೆ ಹೋಗುವುದು ನಮ್ಮ ಮೈಸೂರಿನಿಂದ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರು ಮಾಡಿಸಿದ ಅರಗಿನ ಕಾರ್ಖಾನೆ ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರಿಂದ ಶಾಯಿ ಅಲ್ಲಿಂದಲೇ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದು ಬೆಳಕಿಗೆ ಕಪ್ಪಾಗುತ್ತದೆ. ಸೋಪು, ನಿಂಬೆಹಣ್ಣು ಯಾವುದಕ್ಕೂ ಅದು ಜಗ್ಗುವುದಿಲ್ಲ.

ಮೂರನೆಯವರು ಚೀಟಿ ವಾಪಸ್ ತೆಗೆದುಕೊಂಡು, ಬೆರಳು ನೋಡಿ, ಕಂಟ್ರೋಲ್ ಯೂನಿಟ್‌ನಲ್ಲಿ ಬ್ಯಾಲಟ್ ಬಟನ್ ಒತ್ತುತ್ತಾರೆ. ಆಗ ಮರೆಯಲ್ಲಿರುವ ನಿಮ್ಮ ಯಂತ್ರದಲ್ಲಿ ಹಸಿರು ದೀಪ ಬರುತ್ತದೆ. ಬರದಿದ್ದರೆ ಬಟನ್ ಕುಟ್ಟಬೇಡಿ, ಅಲ್ಲೇ ನಿಂತು ಹೇಳಿ. ಹಸಿರು ಬಂದ ಮೇಲೆ ನಿಮ್ಮ ಅಭ್ಯರ್ಥಿಯ ಪಕ್ಕದ ನೀಲಿ ಗುಂಡಿ ಒತ್ತಿ. ಪಕ್ಕದಲ್ಲಿ ಕೆಂಪು ದೀಪ ಹತ್ತುತ್ತದೆ. ಆಮೇಲೆ ಕಣ್ಣು ಪಕ್ಕದಲ್ಲಿರುವ ವಿವಿಪ್ಯಾಟ್, ಅಂದರೆ ಓಟಿನ ಚೀಟಿ ಮುದ್ರಿಸಿ ತೋರಿಸುವ ಯಂತ್ರದ ಗಾಜಿನ ಕಡೆ ಇರಲಿ. ಕ್ರಮ ಸಂಖ್ಯೆ, ಹೆಸರು, ಚಿಹ್ನೆ ಇರುವ ಸಣ್ಣ ಚೀಟಿ 7 ಸೆಕೆಂಡ್ ಕಾಣಿಸಿ, ಕತ್ತರಿಸಿಕೊಂಡು ಒಳಗೆ ಬೀಳುತ್ತದೆ. ಉದ್ದನೆಯ ಬೀಪ್ ಕೇಳಿದರೆ ಓಟು ಬಿತ್ತು ಅಂತ ಅರ್ಥ. ಬೀಪ್ ಕೇಳುವವರೆಗೂ ಜಾಗ ಬಿಡಬೇಡಿ. ಚೀಟಿ ನಿಮ್ಮ ಕೈಗೆ ಬರುವುದಿಲ್ಲ, ಕೇಳುತ್ತಾ ನಿಲ್ಲಬೇಡಿ.

ಕೊನೆಯ ಗುಂಡಿ ನೋಟಾ, ಅಂದರೆ ಮೇಲಿನ ಯಾರೂ ಬೇಡ. ನೋಟಾಗೆ ಎಲ್ಲರಿಗಿಂತ ಜಾಸ್ತಿ ಓಟು ಬಿದ್ದರೂ ವಿಧಾನಸಭೆ ಚುನಾವಣೆಯಲ್ಲಿ ಗೆಲ್ಲುವುದು ಅಭ್ಯರ್ಥಿಗಳಲ್ಲಿ ಮೊದಲು ಬಂದವರೇ. ಅದನ್ನು ತಿಳಿದುಕೊಂಡು ಒತ್ತಿ.

ಏನಾದರೂ ಎಡವಟ್ಟಾದರೆ

"ನಿಮ್ಮ ಓಟು ಆಗಲೇ ಆಗಿದೆ" ಅಂತ ಹೇಳಿದರೆ ತಲೆ ತಗ್ಗಿಸಿಕೊಂಡು ಮನೆಗೆ ಬರಬೇಡಿ. ಗುರುತು ಸಾಬೀತು ಮಾಡಿ, ಟೆಂಡರ್ಡ್ ಓಟು ಬೇಕು ಅಂತ ಕೇಳಿ. ಈ ಪದ ನೆನಪಿಟ್ಟುಕೊಂಡರೆ ಸಾಕು. ಮತಗಟ್ಟೆ ಅಧಿಕಾರಿ ಕಾಗದದ ಮತಪತ್ರ ಕೊಡುತ್ತಾರೆ, ನೀವು ಗುರುತು ಹಾಕಿಕೊಟ್ಟ ಮೇಲೆ ಅದು ಬೇರೆ ಕವರ್‌ಗೆ ಹೋಗುತ್ತದೆ. ಮಾಮೂಲಿ ಎಣಿಕೆಗೆ ಅದು ಬರುವುದಿಲ್ಲ, ನಿಜ. ಆದರೆ ಅಂತರ ಕಮ್ಮಿ ಇದ್ದು ವಿಷಯ ಕೋರ್ಟಿಗೆ ಹೋದರೆ ಅದೇ ದಾಖಲೆ.

ನೀವು ಒತ್ತಿದ್ದು ಒಂದು, ವಿವಿಪ್ಯಾಟ್‌ನಲ್ಲಿ ಬಂದಿದ್ದು ಇನ್ನೊಂದು ಅನ್ನಿಸಿದರೆ ಅಲ್ಲೇ ಲಿಖಿತವಾಗಿ ದೂರು ಕೊಡಬಹುದು. ಏಜೆಂಟರ ಮುಂದೆ ಪರೀಕ್ಷಾ ಓಟು ಹಾಕಿಸುತ್ತಾರೆ. ದೂರು ನಿಜವಾದರೆ ಆ ಯಂತ್ರ ನಿಲ್ಲಿಸಬೇಕು. ಸುಳ್ಳಾದರೆ ಶಿಕ್ಷೆ ನಿಮಗೆ. ಹಾಗಾಗಿ ಖಾತ್ರಿ ಇದ್ದರೆ ಮಾತ್ರ.

ಕಣ್ಣು ಕಾಣದವರು, ಗುಂಡಿ ಒತ್ತಲು ಆಗದವರು 18 ತುಂಬಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಆದರೆ ಒಬ್ಬರು ಆ ದಿನ ಒಬ್ಬರಿಗೆ ಮಾತ್ರ ಸಹಾಯಕರಾಗಬಹುದು. ಊರಿನ ಪುಢಾರಿ ಸಾಲಾಗಿ ಹತ್ತು ಅಜ್ಜಿಯರನ್ನು ಕೈಹಿಡಿದು ಒಳಗೆ ಕರೆದೊಯ್ಯುವ ಹಾಗಿಲ್ಲ. ಬ್ಯಾಲಟ್ ಯೂನಿಟ್ ಮೇಲೆ ಬ್ರೈಲ್ ಅಂಕಿಗಳಿರುತ್ತವೆ, ಓದಬಲ್ಲವರು ಒಬ್ಬರೇ ಹಾಕಬಹುದು. ಗಾಲಿಕುರ್ಚಿ ಬೇಕಿದ್ದರೆ ಸಕ್ಷಮ್ ಆ್ಯಪ್‌ನಲ್ಲಿ ಮೊದಲೇ ಕೇಳಿ. ಹಿರಿಯರು, ಅಂಗವಿಕಲರು, ಗರ್ಭಿಣಿಯರು, ಕೂಸು ಎತ್ತಿಕೊಂಡವರು ಕ್ಯೂನಲ್ಲಿ ಕಾಯಬೇಕಿಲ್ಲ.

ಮನೆಯಿಂದ ಹಾಕುವವರು

ಕರ್ನಾಟಕದ ವಿಧಾನಸಭೆ ಚುನಾವಣೆಯಲ್ಲಿ ಇದು ಮೊದಲು ಬಂದಿದ್ದು 2023ರಲ್ಲಿ. ಆಗ 80 ದಾಟಿದವರಿಗೆ ಇತ್ತು. 2024ರ ಮಾರ್ಚ್‌ನಲ್ಲಿ ನಿಯಮ ಬದಲಾಗಿ ಈಗ 85 ಆಗಿರಬೇಕು. ಜೊತೆಗೆ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರಿಗೆ ವಯಸ್ಸಿನ ಲೆಕ್ಕ ಇಲ್ಲದೆ ಸಿಗುತ್ತದೆ, ಪ್ರಮಾಣಪತ್ರದ ಪ್ರತಿ ಬೇಕು. ವಯಸ್ಸಿನ ಲೆಕ್ಕ ಮತದಾರರ ಪಟ್ಟಿಯಲ್ಲಿ ಇದ್ದ ಹಾಗೆ. ನಮ್ಮ ಹಿರಿಯರ ವಯಸ್ಸು ಪಟ್ಟಿಯಲ್ಲಿ ಅಂದಾಜಿಗೆ ಬರೆದಿರುವುದೇ ಜಾಸ್ತಿ ಅಲ್ವಾ, ಅಜ್ಜನಿಗೆ ನಿಜಕ್ಕೂ 88 ಆಗಿ ಪಟ್ಟಿಯಲ್ಲಿ 79 ಇದ್ದರೆ ಫಾರ್ಮ್ 8 ಹಾಕಿ ಮೊದಲೇ ಸರಿ ಮಾಡಿಸಿಟ್ಟುಕೊಳ್ಳಿ.

ಬೇಕಾದ ಅರ್ಜಿ ಫಾರ್ಮ್ 12ಡಿ. ಚುನಾವಣೆ ಘೋಷಣೆ ಆದ ಮೇಲೆ ಬಿಎಲ್‌ಒ ಮನೆಗೇ ತರುತ್ತಾರೆ. ಅಧಿಸೂಚನೆ ಹೊರಟ ದಿನದಿಂದ ಐದು ದಿನದೊಳಗೆ ತುಂಬಿ ಕೊಡಬೇಕು. 2023ರಲ್ಲಿ ಅಧಿಸೂಚನೆ ಬಂದಿದ್ದು ಏಪ್ರಿಲ್ 13ಕ್ಕೆ, ಮತದಾನಕ್ಕೆ ಸುಮಾರು ನಾಲ್ಕು ವಾರ ಇತ್ತು. ಅಷ್ಟು ಬೇಗ ಅಂತ ಯಾರಿಗೂ ತೋಚುವುದಿಲ್ಲ. ಮತದಾನದ ಹಿಂದಿನ ವಾರ "ಅಜ್ಜಿಗೆ ಮನೆಯಲ್ಲೇ ಓಟು ಹಾಕಿಸ್ತಾರಂತೆ" ಅಂತ ವಿಚಾರಿಸಲು ಹೊರಟರೆ ಕೆಲಸ ಕೆಟ್ಟಿರುತ್ತದೆ.

ಅರ್ಜಿ ಒಪ್ಪಿದರೆ ತಂಡ ಬರುವ ದಿನ ಮೊದಲೇ ತಿಳಿಸುತ್ತಾರೆ. ಇಬ್ಬರು ಮತಗಟ್ಟೆ ಸಿಬ್ಬಂದಿ, ಒಬ್ಬ ಪೊಲೀಸ್, ಒಬ್ಬ ವಿಡಿಯೋ ಮಾಡುವವರು. ಅಭ್ಯರ್ಥಿಗಳಿಗೂ ತಿಳಿಸಿರುತ್ತಾರೆ, ಅವರ ಏಜೆಂಟರು ಬಂದು ನೋಡಬಹುದು. ಹಜಾರದಲ್ಲಿ ಇಷ್ಟು ಜನ ಬಂದು ಕೂತರೆ ಹಿರಿಯರಿಗೆ ಗಾಬರಿ ಆಗುವುದು ಸಹಜ, ಮೊದಲೇ ಹೇಳಿಟ್ಟಿರಿ. ರಟ್ಟಿನ ಮರೆ ಇಟ್ಟು ಮತಪತ್ರ ಕೊಡುತ್ತಾರೆ, ಪೆನ್ನಿನಲ್ಲಿ ಗುರುತು ಹಾಕಿ, ಮಡಚಿ ಕವರ್‌ಗೆ ಹಾಕಿ ಅಂಟಿಸುವುದು. ವಿಡಿಯೋ ಓಟು ಹಾಕುವುದನ್ನು ಸೆರೆಹಿಡಿಯುವುದಿಲ್ಲ. ಮಗ, ಸೊಸೆ ಪಕ್ಕದಲ್ಲಿ ನಿಂತು "ಅಲ್ಲಿ ಹಾಕಿ, ಅಲ್ಲಿ" ಅನ್ನುವಂತಿಲ್ಲ. ಮೊದಲ ಸಲ ಮನೆಯಲ್ಲಿ ಇಲ್ಲದಿದ್ದರೆ ಎರಡನೇ ಸಲ ಬರುತ್ತಾರೆ. ಮೂರನೇ ಸಲ ಇಲ್ಲ.

ಇನ್ನೊಂದು ಮುಖ್ಯ ವಿಷಯ. 12ಡಿ ಒಪ್ಪಿದ ಮೇಲೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಅಂಚೆ ಮತದ ಗುರುತು ಬೀಳುತ್ತದೆ. ಆಮೇಲೆ ಮನಸ್ಸು ಬದಲಾಯಿಸಿ ಬೂತ್‌ಗೆ ಹೋದರೆ ಬಿಡುವುದಿಲ್ಲ. ನಡೆಯಲು ಆಗುತ್ತದೆ, ಬೂತ್‌ಗೆ ಹೋಗುವುದೇ ಖುಷಿ ಅನ್ನುವ ಹಿರಿಯರಿದ್ದರೆ ಅರ್ಜಿ ಕೊಡಿಸಬೇಡಿ. ಇದು ಕಡ್ಡಾಯ ಅಲ್ಲ.

ಅಂಚೆ ಮತ ಯಾರಿಗೆ

ಬೆಂಗಳೂರಿನಲ್ಲಿ ಕೆಲಸ, ಓಟು ಹಾವೇರಿಯಲ್ಲಿ, ಪೋಸ್ಟ್‌ನಲ್ಲಿ ಕಳಿಸಬಹುದಾ? ಆಗುವುದಿಲ್ಲ. ಅಮೆರಿಕದ ಹಲವು ರಾಜ್ಯಗಳಂತೆ ಯಾರು ಬೇಕಾದರೂ ಅಂಚೆಯಲ್ಲಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಬಸ್ ಹತ್ತಿ ಊರಿಗೆ ಹೋಗಬೇಕು, ಇಲ್ಲವಾದರೆ ಫಾರ್ಮ್ 8 ಹಾಕಿ ಓಟನ್ನೇ ಬೆಂಗಳೂರಿಗೆ ತರಬೇಕು. 2023ರಲ್ಲಿ ಮತದಾನವನ್ನು ಬುಧವಾರ ಇಟ್ಟಿದ್ದೇ ಜನ ವಾರಾಂತ್ಯಕ್ಕೆ ರಜೆ ಜೋಡಿಸಿಕೊಂಡು ಟ್ರಿಪ್ ಹೋಗದಿರಲಿ ಅಂತ. ಊರಿಗೆ ಹೋಗಿ ಬರಬೇಕಾದವರಿಗೆ ಅದರಿಂದ ಕಷ್ಟವೇ ಆಯಿತು ಅನ್ನುವುದು ಬೇರೆ ಮಾತು.

ಹೊರದೇಶದಲ್ಲಿರುವ ಕನ್ನಡಿಗರಿಗೂ ಅಂಚೆ ಮತ ಇಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೆ ಫಾರ್ಮ್ 6ಎ ಹಾಕಿ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಸೇರಬಹುದು, ಆದರೆ ಓಟಿನ ದಿನ ಅಸಲಿ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಬರಬೇಕು.

ಹಾಗಾದರೆ ಯಾರಿಗೆ ಉಂಟು? ಸೈನಿಕರಿಗೆ, ರಾಜ್ಯದ ಹೊರಗೆ ನಿಯೋಜನೆಯಲ್ಲಿರುವ ಸಶಸ್ತ್ರ ಪೊಲೀಸರಿಗೆ, ವಿದೇಶದ ರಾಯಭಾರ ಕಚೇರಿಗಳಲ್ಲಿರುವ ಸರ್ಕಾರಿ ನೌಕರರಿಗೆ. ಇವರು ಸೇವಾ ಮತದಾರರು. ಮತಪತ್ರ ಆನ್‌ಲೈನ್‌ನಲ್ಲಿ ಬರುತ್ತದೆ, ಅದನ್ನು ಪ್ರಿಂಟ್ ತೆಗೆದು, ಗುರುತು ಹಾಕಿ, ಅಂಚೆಯಲ್ಲಿ ಕಳಿಸಬೇಕು. ಎಣಿಕೆ ದಿನ ಬೆಳಗ್ಗೆ 8 ಗಂಟೆಯ ಒಳಗೆ ತಲುಪಿರಬೇಕು. ಗಡಿಯಿಂದ ಬರುವ ಅಂಚೆ ಎಷ್ಟು ದಿನ ಹಿಡಿಯುತ್ತದೆ ಅಂತ ಅಲ್ಲಿರುವವರಿಗೆ ಗೊತ್ತಿದ್ದೇ ಇದೆ, ಬಂದ ದಿನವೇ ಕಳಿಸಿಬಿಡುವುದು ಒಳ್ಳೆಯದು.

ಮತದಾನದ ದಿನ ಡ್ಯೂಟಿಯಿಂದ ಬಿಡುವು ಸಿಗದ ಕೆಲವು ಇಲಾಖೆಯವರಿಗೂ ಅವಕಾಶ ಇದೆ. ಯಾವ ಯಾವ ಇಲಾಖೆ ಅಂತ ಆಯೋಗ ಪ್ರತಿ ಚುನಾವಣೆಗೂ ಪಟ್ಟಿ ಹೊರಡಿಸುತ್ತದೆ. ಅವರಿಗೂ 12ಡಿ, ಅದೇ ಐದು ದಿನದ ಗಡುವು. ಓಟು ಮಾತ್ರ ಮನೆಯಲ್ಲಲ್ಲ, ಮತದಾನಕ್ಕೆ ಮೊದಲು ಮೂರು ದಿನ ತೆರೆದಿರುವ ಅಂಚೆ ಮತದಾನ ಕೇಂದ್ರದಲ್ಲಿ.

ಇನ್ನು ಚುನಾವಣೆ ಕೆಲಸಕ್ಕೇ ಹೋಗುವ ಮೇಷ್ಟ್ರು, ಗುಮಾಸ್ತರು, ಪೊಲೀಸರು, ಡ್ರೈವರ್‌ಗಳು. ನಿಮ್ಮ ಓಟಿರುವ ಕ್ಷೇತ್ರದಲ್ಲೇ ಡ್ಯೂಟಿ ಬಿದ್ದರೆ ಫಾರ್ಮ್ 12ಎ ಕೊಟ್ಟು ಇಡಿಸಿ, ಅಂದರೆ ಚುನಾವಣಾ ಕರ್ತವ್ಯ ಪ್ರಮಾಣಪತ್ರ ತೆಗೆದುಕೊಳ್ಳಿ, ಡ್ಯೂಟಿ ಮಾಡುವ ಬೂತ್‌ನಲ್ಲೇ ಯಂತ್ರದಲ್ಲಿ ಹಾಕಬಹುದು. ಇದು ಎಲ್ಲಕ್ಕಿಂತ ಸುಲಭ. ಬೇರೆ ಕ್ಷೇತ್ರವಾದರೆ ಫಾರ್ಮ್ 12. ತರಬೇತಿಯ ದಿನವೇ ಕೊಟ್ಟುಬಿಡಿ. ಮುಂಚೆ ಮತಪತ್ರ ಮನೆಗೆ ತಂದು ಆರಾಮಾಗಿ ಕಳಿಸುತ್ತಿದ್ದರು. 2023ರ ಆಗಸ್ಟ್‌ನಲ್ಲಿ ನಿಯಮ ತಿದ್ದಿದ ಮೇಲೆ ಮತಪತ್ರವನ್ನು ಫೆಸಿಲಿಟೇಶನ್ ಸೆಂಟರ್‌ನಲ್ಲೇ (ಚುನಾವಣೆ ಸಿಬ್ಬಂದಿಯ ಓಟಿಗಾಗಿ ತೆರೆಯುವ ಕೇಂದ್ರ) ಪಡೆದು, ಅಲ್ಲೇ ಗುರುತು ಹಾಕಿ, ಅಲ್ಲೇ ಡಬ್ಬಕ್ಕೆ ಹಾಕಬೇಕು.

ಅಂಚೆ ಮತಗಳು ತಿರಸ್ಕೃತವಾಗುವುದು ಹೆಚ್ಚಾಗಿ ಕವರ್‌ಗಳ ಗೊಂದಲದಲ್ಲಿ. ಮೂರು ಕಾಗದ ನೆನಪಿಡಿ. 13ಎ ಘೋಷಣಾ ಪತ್ರ, ಅದಕ್ಕೆ ನಿಮ್ಮ ಸಹಿ ಮತ್ತು ಅಧಿಕಾರಿಯ ದೃಢೀಕರಣ ಬೇಕು. 13ಬಿ ಚಿಕ್ಕ ಕವರ್, ಅದರೊಳಗೆ ಮತಪತ್ರ ಮಾತ್ರ. 13ಸಿ ದೊಡ್ಡ ಕವರ್, ಅದರೊಳಗೆ ಅಂಟಿಸಿದ ಚಿಕ್ಕ ಕವರ್ ಮತ್ತು ಘೋಷಣಾ ಪತ್ರ ಅಕ್ಕಪಕ್ಕ. ಘೋಷಣಾ ಪತ್ರವನ್ನು ಚಿಕ್ಕ ಕವರ್ ಒಳಗೆ ತುರುಕಿದರೆ ಎಣಿಕೆಯವರು ದೊಡ್ಡ ಕವರ್ ತೆರೆದಾಗ ಅದು ಕಾಣುವುದೇ ಇಲ್ಲ, ಓಟು ಅಲ್ಲಿಗೇ ಮುಗಿಯಿತು. ಮತಪತ್ರದ ಕ್ರಮ ಸಂಖ್ಯೆಯನ್ನು 13ಎ ಮೇಲೆ ಬರೆಯಬೇಕು, 13ಬಿ ಮೇಲಿನ ಸಂಖ್ಯೆಗೆ ಅದು ತಾಳೆಯಾಗಬೇಕು. ಮತಪತ್ರದ ಮೇಲೆ ಹೆಸರು, ಸಹಿ, "ಜೈ" ಅನ್ನುವ ಘೋಷಣೆ ಏನೂ ಬೇಡ. ಒಂದೇ ಗುರುತು, ಒಬ್ಬರೇ ಅಭ್ಯರ್ಥಿಯ ಮುಂದೆ.

ನಾಲ್ಕು ಕವರ್ ಹೋದರೆ ಏನಾಗುತ್ತೆ ಅನ್ನುವವರು 2023ರ ಜಯನಗರ ನೆನಪಿಸಿಕೊಳ್ಳಲಿ. ಅಲ್ಲಿ ಅಂತರ 16 ಓಟು, ಮರುಎಣಿಕೆಯ ಗಲಾಟೆ ನಡೆದಿದ್ದು ತಿರಸ್ಕೃತ ಅಂಚೆ ಮತಗಳ ಸುತ್ತಲೇ. 2004ರಲ್ಲಿ ಸಂತೇಮರಹಳ್ಳಿಯಲ್ಲಂತೂ ಆರ್. ಧ್ರುವನಾರಾಯಣ ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು ಒಂದೇ ಒಂದು ಓಟಿನಿಂದ. ಸೋತವರ ಕಾರಿನ ಡ್ರೈವರ್‌ಗೇ ಆ ದಿನ ಓಟು ಹಾಕಲು ಬಿಡುವು ಸಿಗಲಿಲ್ಲ ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ.

ಡ್ರೈವರ್ ಅಂದಾಗ ರಜೆಯ ವಿಷಯ ಹೇಳಿಬಿಡುತ್ತೇನೆ. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು ಅನ್ನುವುದು ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ. ದಿನಗೂಲಿಯವರಿಗೂ ಅನ್ವಯ. ಕೆಲಸ ಒಂದು ಕ್ಷೇತ್ರದಲ್ಲಿ, ಓಟು ಇನ್ನೊಂದರಲ್ಲಿ ಇದ್ದವರಿಗೂ ಅನ್ವಯ ಅಂತ ಆಯೋಗವೇ ಹೇಳಿದೆ. ತಪ್ಪಿದ ಮಾಲೀಕರಿಗೆ ದಂಡ 500 ರೂಪಾಯಿವರೆಗೆ, ಅಷ್ಟಕ್ಕೆ ಯಾರೂ ಹೆದರುವುದಿಲ್ಲ ಬಿಡಿ. ಆದರೂ ಮ್ಯಾನೇಜರ್‌ಗೆ ಮೇಲ್ ಬರೆಯುವಾಗ "ಓಟಿಗೆ ಊರಿಗೆ ಹೋಗಬೇಕು, ದಯವಿಟ್ಟು ರಜೆ ಕೊಡಿ" ಅಂತ ಬೇಡಿಕೊಳ್ಳುವ ಬದಲು ಕಲಂ ಸಂಖ್ಯೆ ಹಾಕಿ ಬರೆಯಿರಿ, ಉತ್ತರ ಬೇಗ ಬರುತ್ತದೆ.